ಕೆಂಪು ಬನಿಯನ್ ಹುಡುಗನಿಗೆ ಹೆಸರು ಬಂದ ಕತೆ

ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ನೀವೂ ನೋಡಿರುತ್ತೀರಿ. ಊರ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಶಾಲೆ ಮೈದಾನದಲ್ಲಿ ನಾಲ್ಕು ಕಂಬ ನೆಟ್ಟು, ಲೈಟು ಕಟ್ಟಿ, ಮಣ್ಣು ಹದ ಮಾಡಿ, ಸುಣ್ಣದ ಗೆರೆ ಎಳೆದಿರುತ್ತಾರೆ. ಮೈಕಿನಲ್ಲಿ ಒಬ್ಬರು ಒಂದೇ ಸಮನೆ ಮಾತಾಡುತ್ತಿರುತ್ತಾರೆ. ಬಹುಮಾನ ಕೊಟ್ಟವರ ಹೆಸರು, ಪೆಂಡಾಲ್ ಹಾಕಿಸಿದವರ ಹೆಸರು, ವೇದಿಕೆ ಮೇಲೆ ಕೂತವರ ಹೆಸರು ಹತ್ತು ಸಲ ಬರುತ್ತವೆ. ಆಡುವವನ ಸರದಿ ಬಂದಾಗ ಮಾತ್ರ, "ಕೆಂಪು ಬನಿಯನ್ ಹುಡುಗ ದಾಳಿಗೆ ಹೋಗ್ತಾ ಇದಾನೆ, ಚೆನ್ನಾಗಿ ಆಡ್ತಾ ಇದಾನೆ" ಅಂತ ಅಷ್ಟೇ.

ನಾವು ಹಳ್ಳಿಗಳಿಂದ ಪತ್ರಿಕೋದ್ಯಮ ಓದಲು ಬಂದವರು. ವಿಜಯನಗರದ ಒಂದು ಮಹಡಿ ರೂಮಿನಲ್ಲಿ ಕೆಲವು ವರ್ಷ ಒಟ್ಟಿಗಿದ್ದೆವು. ಆ ಕಡೆ ರಾಜಾಜಿನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ಈ ಕಡೆ ಕೆಂಗೇರಿವರೆಗೆ ಸುತ್ತಿದ್ದೇವೆ. ಬೆಂಗಳೂರಿನ ಈ ಪಶ್ಚಿಮ ಭಾಗದಲ್ಲಿ ಮಾಗಡಿ, ಕುಣಿಗಲ್, ಮಂಡ್ಯ, ಹಾಸನದ ಕಡೆಯಿಂದ ಕೆಲಸ ಹುಡುಕಿ ಬಂದ ಮನೆಗಳು ಬಹಳ. ಆ ಮನೆಗಳವರು ಊರಿಂದ ಬರುವಾಗ ಕಬಡ್ಡಿಯನ್ನೂ ಜೊತೆಗೇ ತಂದರು. ಹಾಗಾಗಿ ಕೆಂಪು ಬನಿಯನ್ ಹುಡುಗನನ್ನು ನಾವು ಊರಲ್ಲೂ ನೋಡಿದ್ದೆವು, ಇಲ್ಲೂ ನೋಡಿದೆವು.

ಆ ಹುಡುಗನ ಬಗ್ಗೆ ಮಂದಿ ಆಡುವ ಮಾತು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬದಲಾಗಿದೆ. ಯಾಕೆ ಬದಲಾಯಿತು, ಎಷ್ಟು ಬದಲಾಯಿತು, ಯಾರ ಪಾಲಿಗೆ ಬದಲಾಗಲಿಲ್ಲ ಎಂಬುದೇ ಈ ಬರಹ.

ಮೊದಲು ಹೇಗಿತ್ತು?

ನಮ್ಮಲ್ಲಿ ಕುಸ್ತಿ ಪೈಲ್ವಾನನಿಗೆ ಹಿಂದಿನಿಂದಲೂ ಒಂದು ಗತ್ತಿತ್ತು. ಮೈಸೂರು ದಸರಾದಲ್ಲಿ ಅಖಾಡ, ಊರಲ್ಲಿ ಗರಡಿಮನೆ, ಜಾತ್ರೆಯಲ್ಲಿ ಬೆಳ್ಳಿ ಗದೆ. ಅರಮನೆ ಬೆನ್ನಿಗಿದ್ದದ್ದರಿಂದ ಪೈಲ್ವಾನ ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಿದ್ದರು. ಕಬಡ್ಡಿಗೆ ಅಂಥ ಆಸರೆ ಇರಲಿಲ್ಲ. ಅದಕ್ಕೆ ಖರ್ಚಿಲ್ಲ, ಸಾಮಾನು ಬೇಡ, ಬಯಲು ಸಿಕ್ಕರೆ ಸಾಕು. ಹೀಗೆ ಬಡವನೂ ಆಡಬಹುದು ಎನ್ನುವುದೇ ಆಟದ ಬಲ. ಅದೇ ಕಾರಣಕ್ಕೆ ಆಟಕ್ಕೆ ಬೆಲೆಯೂ ಇರಲಿಲ್ಲ.

"ಕಬಡ್ಡಿ ಆಡಿದ್ರೆ ಹೊಟ್ಟೆ ತುಂಬುತ್ತೇನೋ?" ಅಂತ ಮನೆಯಲ್ಲಿ ಕೇಳುತ್ತಿದ್ದರು. ನಗರದ ಬಡಾವಣೆಗಳಲ್ಲಿ ಇನ್ನೂ ಒಂದು ಮಾತು ಸೇರಿಕೊಳ್ಳುತ್ತಿತ್ತು: "ಅದು ಪುಂಡರ ಆಟ." ರಾತ್ರಿ ಪಂದ್ಯ, ತಂಡತಂಡಗಳ ಜಿದ್ದು, ಆಗೊಮ್ಮೆ ಈಗೊಮ್ಮೆ ಕೈಕೈ ಮಿಲಾಯಿಸುವುದು ಇದ್ದದ್ದು ನಿಜ. ನಾಲ್ಕು ಜನ ಜಗಳ ಆಡಿದರೆ ನಲವತ್ತು ಜನ ಆಟಗಾರರಿಗೆ ಅದೇ ಹೆಸರು ಅಂಟಿಕೊಳ್ಳುತ್ತಿತ್ತು. ಹೆಣ್ಣು ಕೊಡುವ ಮನೆಯವರು ವಿಚಾರಿಸಿದರೆ, "ಹುಡುಗ ಕಬಡ್ಡಿ ಆಡ್ತಾನೆ" ಎಂಬ ಮಾತನ್ನು ಮನೆಯವರೇ ನುಂಗಿಕೊಳ್ಳುತ್ತಿದ್ದರು.

ಹಾಗಂತ ಆಟ ಸಣ್ಣದಾಗಿತ್ತು ಅಂದುಕೊಳ್ಳಬೇಡಿ. 1936ರಲ್ಲೇ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಕಬಡ್ಡಿ ಆಡಿ ತೋರಿಸಿದ್ದರು. 1950ರಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ ಹುಟ್ಟಿತು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಪದಕದ ಆಟವಾಯಿತು. ಅಲ್ಲಿಂದ 2014ರವರೆಗೆ ನಡೆದ ಏಳೂ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಚಿನ್ನ ಭಾರತಕ್ಕೇ ಬಂತು.

ಆ ಸಾಧನೆಯಲ್ಲಿ ಕನ್ನಡಿಗರ ಪಾಲೂ ಇತ್ತು. ನಮ್ಮ ಸಿ. ಹೊನ್ನಪ್ಪ ಅವರಿಗೆ 2000ದ ಸಾಲಿನ, ಬಿ.ಸಿ. ರಮೇಶ್ ಅವರಿಗೆ 2001ರ ಸಾಲಿನ ಅರ್ಜುನ ಪ್ರಶಸ್ತಿ ಬಂತು. ಒಂದರ ಹಿಂದೆ ಒಂದು ವರ್ಷ, ದೇಶದ ದೊಡ್ಡ ಕ್ರೀಡಾ ಪ್ರಶಸ್ತಿ ಕರ್ನಾಟಕದ ಕಬಡ್ಡಿಗೆ! ಆದರೆ ಅಂದು ವಿಜಯನಗರದ ಬಸ್ ಸ್ಟಾಪಿನಲ್ಲಿ ಇವರು ನಿಂತಿದ್ದರೆ ಎಷ್ಟು ಜನ ಗುರುತು ಹಿಡಿಯುತ್ತಿದ್ದರು? ಪಕ್ಕದಲ್ಲಿ ಒಬ್ಬ ರಣಜಿ ಕ್ರಿಕೆಟಿಗ ನಿಂತಿದ್ದರೆ ಬಹುಶಃ ಅವನ ಸುತ್ತ ಹುಡುಗರು ಸೇರುತ್ತಿದ್ದರು.

ಪದಕ ಇತ್ತು, ಪ್ರಶಸ್ತಿ ಇತ್ತು. ಆದರೆ ಜನರಿಗೆ ಮುಖ ಗೊತ್ತಿರಲಿಲ್ಲ.

2014ರ ಜುಲೈ

2014ರ ಜುಲೈ 26ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಉದ್ಯಮಿ ಆನಂದ್ ಮಹೀಂದ್ರಾ ಮತ್ತು ಕ್ರೀಡಾ ನಿರೂಪಕ ಚಾರು ಶರ್ಮಾ ಸೇರಿ ಕಟ್ಟಿದ ಮಶಾಲ್ ಸ್ಪೋರ್ಟ್ಸ್ ಇದನ್ನು ಹುಟ್ಟುಹಾಕಿತು. ಪ್ರಸಾರ ಸ್ಟಾರ್ ಟಿ.ವಿ.ಯದು. ಎಂಟು ತಂಡಗಳಲ್ಲಿ ಬೆಂಗಳೂರು ಬುಲ್ಸ್ ಕೂಡ ಒಂದು.

"ಕಬಡ್ಡಿ ಯಾರು ಟಿ.ವಿ.ಲಿ ನೋಡ್ತಾರೆ" ಅಂದವರೇ ಹೆಚ್ಚು. ಆದರೆ ಮೊದಲ ಸೀಸನ್ನನ್ನು ದೇಶದಲ್ಲಿ 43.5 ಕೋಟಿ ಜನ ನೋಡಿದರು ಎಂಬ ಲೆಕ್ಕ ಹೊರಬಂತು. ಆ ವರ್ಷ ಲೀಗ್ ಆಟಗಳಲ್ಲಿ ಐಪಿಎಲ್ ಬಿಟ್ಟರೆ ಇದೇ ಮುಂದು.

ಇಲ್ಲಿ ಒಂದು ವಿಷಯ ಗಮನಿಸಿ. ಆಡಿದವರು ಹೊಸಬರಲ್ಲ. ರೈಲ್ವೆ, ಪೊಲೀಸ್, ಬ್ಯಾಂಕ್, ಸೇನೆಯ ತಂಡಗಳಲ್ಲಿ ವರ್ಷಗಟ್ಟಲೆ ಆಡಿದವರೇ. ಹಾಗಾದರೆ ಲೀಗ್ ಮಾಡಿದ್ದಾದರೂ ಏನು? ಅದು ನಾವು ನೋಡುವ ರೀತಿಯನ್ನು ಬದಲಿಸಿತು. ಬಿಡಿಸಿ ಹೇಳುತ್ತೇವೆ.

ಮೊದಲನೆಯದು, ಹೆಸರು. ಬನಿಯನ್ ಹೋಗಿ ಜೆರ್ಸಿ ಬಂತು, ಬೆನ್ನ ಮೇಲೆ ಹೆಸರು, ನಂಬರ್ ಬಂತು. ಕಾಮೆಂಟರಿಯವರು ಪ್ರತಿ ದಾಳಿಗೂ ಹೆಸರು ಹಿಡಿದು ಕೂಗಿದರು. ಮುಂದೆ ಕನ್ನಡದಲ್ಲೂ ಕಾಮೆಂಟರಿ ಬಂದಾಗ ನಮ್ಮ ಅಜ್ಜಿಯರಿಗೂ ಹೆಸರು ಬಾಯಿಪಾಠವಾಯಿತು.

ಎರಡನೆಯದು, ಮುಖ. ಮೈದಾನದ ಅಂಚಿನಲ್ಲಿ ನಿಂತವನಿಗೆ ದಾಳಿ ಅಂದರೆ ನಾಲ್ಕು ಜನರ ಗುಂಪಿನಲ್ಲಿ ಎದ್ದ ಧೂಳು. ಕ್ಯಾಮೆರಾ ಅದನ್ನು ನಿಧಾನವಾಗಿ ಮತ್ತೆ ತೋರಿಸಿತು. ಬೆರಳ ತುದಿ ಗೆರೆ ಮುಟ್ಟಿದ್ದು, ಪಾದ ಹಿಡಿದವನ ಲೆಕ್ಕಾಚಾರ, ಮೂರು ಜನರ ಕೈ ಕೆಳಗೆ ಮುಳುಗಿ ಆಚೆ ಎದ್ದ ಡುಬ್ಕಿ, ಎಲ್ಲ ಕಣ್ಣಿಗೆ ಬಿತ್ತು. ಇದು ಬರೀ ತೋಳ್ಬಲವಲ್ಲ, ತಲೆ ಓಡಿಸುವ ಆಟ ಅಂತ ಆಗ ಗೊತ್ತಾಯಿತು.

ಮೂರನೆಯದು, ನಿಯಮ. 30 ಸೆಕೆಂಡಿನ ಗಡಿಯಾರ ಪರದೆಯ ಮೇಲೆ ಓಡಿತು. ಎರಡು ದಾಳಿ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ದಾಳಿಗಾರನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದಕ್ಕೆ ಎರಡು ಅಂಕ. ಕಾಲ ಕಳೆಯುವ ಆಟಕ್ಕೆ ಜಾಗ ಇಲ್ಲವಾಯಿತು. ಗಲಾಟೆ ಮಾಡಿದವನಿಗೆ ಹಸಿರು, ಹಳದಿ, ಕೆಂಪು ಕಾರ್ಡು. ಕೋಪ ಬಂದರೆ ಎರಡು ನಿಮಿಷ ಆಚೆ ಕೂರಬೇಕು ಎಂಬುದನ್ನು ಕೋಟಿಗಟ್ಟಲೆ ಜನ ನೋಡಿದರು. "ಪುಂಡರ ಆಟ" ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ.

ನಾಲ್ಕನೆಯದು, ಮನೆ. ಪಂದ್ಯದ ನಡುವೆ ಆಟಗಾರನ ಊರು, ಅಪ್ಪನ ಹೊಲ, ಅಮ್ಮನ ಅಡುಗೆಮನೆ ತೋರಿಸಿದರು. ಮೊದಲು ಹಳ್ಳಿಯವನು ಅನ್ನುವುದನ್ನು ಮುಚ್ಚಿಡಬೇಕಿತ್ತು. ಈಗ ಅದೇ ಹೆಮ್ಮೆಯ ಮಾತಾಯಿತು. ಇದರಲ್ಲಿ ವ್ಯಾಪಾರವೂ ಇತ್ತು ಅನ್ನಿ. ಜಾಹೀರಾತು ಮಾರಬೇಕಾದರೆ ಕತೆ ಬೇಕು. ಆದರೂ ಹೊಲದ ಬದುವಿನಲ್ಲಿ ನಿಂತ ಅಪ್ಪನನ್ನು ರಾತ್ರಿ ಎಂಟು ಗಂಟೆಗೆ ಟಿ.ವಿ.ಯಲ್ಲಿ ನೋಡಿದ ನಮ್ಮಂಥವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಪಶ್ಚಿಮ ಬೆಂಗಳೂರಿಗೆ ಬಂದಾಗ

ಬುಲ್ಸ್ ತವರಿನ ಪಂದ್ಯಗಳು ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದವು. ಅದು ಊರ ನಡುವೆ, ಕಬ್ಬನ್ ಪಾರ್ಕ್ ಪಕ್ಕ. ವಿಜಯನಗರದಿಂದ ಅಲ್ಲಿಗೆ ಹೋಗಿ ರಾತ್ರಿ ವಾಪಸ್ ಬರುವುದು ಒಂದು ಸಾಹಸವೇ ಆಗಿತ್ತು. 2016ರ ಏಪ್ರಿಲ್ ಕೊನೆಯಲ್ಲಿ ಮಾಗಡಿ ರಸ್ತೆಯಿಂದ ಕಬ್ಬನ್ ಪಾರ್ಕ್‌ವರೆಗಿನ ಮೆಟ್ರೊ ಸುರಂಗ ತೆರೆಯಿತು. ಆ ವರ್ಷದ ನಾಲ್ಕನೇ ಸೀಸನ್ ಹೊತ್ತಿಗೆ ಮೈಸೂರು ರಸ್ತೆ, ವಿಜಯನಗರ, ಹೊಸಹಳ್ಳಿ ಕಡೆಯ ಹುಡುಗರು ಒಂದೇ ರೈಲಿನಲ್ಲಿ ಕೂತು ಕಬ್ಬನ್ ಪಾರ್ಕಿನಲ್ಲಿ ಇಳಿಯುವಂತಾಯಿತು. 2021ರ ಆಗಸ್ಟಿನಲ್ಲಿ ಅದೇ ನೇರಳೆ ಮಾರ್ಗ ಕೆಂಗೇರಿ ಮುಟ್ಟಿತು. 2022ರ ಅಕ್ಟೋಬರಿನಲ್ಲಿ ಒಂಬತ್ತನೇ ಸೀಸನ್ ಕಂಠೀರವದಲ್ಲೇ ಶುರುವಾದಾಗ ಕೆಂಗೇರಿಯವರಿಗೂ ದಾರಿ ಸಲೀಸಾಗಿತ್ತು.

ಬುಲ್ಸ್ ಆಟವೂ ಜನರನ್ನು ಹಿಡಿಯಿತು. 2015ರಲ್ಲಿ ಮಂಜೀತ್ ಛಿಲ್ಲರ್ ನಾಯಕತ್ವದಲ್ಲಿ ಫೈನಲ್ ತಲುಪಿ ಯು ಮುಂಬಾ ಎದುರು 30–36ರಿಂದ ಸೋತಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಸಲ ಕಪ್ ಎತ್ತಿತು. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ.

ಆ ಪಂದ್ಯ ಮುಗಿದ ಮೇಲೆ ನಮ್ಮ ಬೀದಿಯಲ್ಲಿ ಮಕ್ಕಳು ತೊಡೆ ತಟ್ಟಿಕೊಂಡು ಓಡಾಡಿದ್ದು ನೆನಪಿದೆ. ತೊಡೆ ತಟ್ಟುವುದು ನಮಗೆ ಹೊಸದಲ್ಲ. ಭೀಮ ದುರ್ಯೋಧನರ ಕಾಲದಿಂದ, ಬಯಲಾಟದ ರಂಗದಿಂದ ಕಂಡದ್ದೇ. ಆದರೆ ಬೀದಿಯಲ್ಲಿ ಹಾಗೆ ಮಾಡಿದ ಹುಡುಗನಿಗೆ ಮೊದಲು ಬೈಗುಳ ಬೀಳುತ್ತಿತ್ತು. ಈಗ ಅಪ್ಪಂದಿರು ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು.

ಬಡಾವಣೆಯ ಪಂದ್ಯಾವಳಿಗಳೂ ಬದಲಾದವು. ಮಣ್ಣಿನ ಮೇಲೆ ಮ್ಯಾಟ್ ಬಂತು, ಬರಿಗಾಲಿಗೆ ಶೂ ಬಂತು, ಬೆನ್ನ ಮೇಲೆ ಹೆಸರು ಬರೆಸಿದ ಜೆರ್ಸಿ ಬಂತು. ಪಂದ್ಯ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗತೊಡಗಿತು.

ದುಡ್ಡಿನ ಮಾತು

ಗೌರವ ಬಂದದ್ದಕ್ಕೆ ಟಿ.ವಿ. ಮಾತ್ರ ಕಾರಣವಲ್ಲ. ದುಡ್ಡೂ ಕಾರಣ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್‌ಗೆ 1.51 ಕೋಟಿ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.60 ಕೋಟಿಗೂ ಹೆಚ್ಚು. "ಹೊಟ್ಟೆ ತುಂಬುತ್ತೇನೋ" ಎಂಬ ಪ್ರಶ್ನೆಗೆ ಇಂಥ ಉತ್ತರ ಸಿಕ್ಕರೆ ಯಾವ ಅಪ್ಪ ಸುಮ್ಮನಾಗುವುದಿಲ್ಲ?

ಆದರೆ ಈ ದೊಡ್ಡ ಅಂಕಿಗಳು ಬೆರಳೆಣಿಕೆಯ ಆಟಗಾರರವು. ಅದೇ 2023ರ ಹರಾಜಿನಲ್ಲಿ ಮೂಲ ಬೆಲೆ ಎ ದರ್ಜೆಗೆ 30 ಲಕ್ಷ ಇದ್ದರೆ, ಡಿ ದರ್ಜೆಗೆ 9 ಲಕ್ಷ. ಹರಾಜಿನಲ್ಲಿ ಯಾರೂ ಕೂಗದೆ ಉಳಿದವರಿಗೆ ಏನೂ ಇಲ್ಲ. ಸಿಕ್ಕ ಒಪ್ಪಂದವೂ ಶಾಶ್ವತವಲ್ಲ.

ಇನ್ನು ದೇಹದ ಮಾತು. 2022ರಲ್ಲಿ ತಮಿಳ್ ತಲೈವಾಸ್ ತಂಡ ಪವನ್‌ನನ್ನು 2.26 ಕೋಟಿಗೆ ಕೊಂಡಿತ್ತು. ಸೀಸನ್ನಿನ ಅವರ ಮೊದಲ ಪಂದ್ಯ ನಮ್ಮ ಕಂಠೀರವದಲ್ಲೇ ಇತ್ತು. ಆ ಒಂದೇ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಇಡೀ ಸೀಸನ್ ಕೈಬಿಟ್ಟುಹೋಯಿತು. ಪವನ್ ದೊಡ್ಡ ಆಟಗಾರ, ಚಿಕಿತ್ಸೆ ಸಿಕ್ಕಿತು, ಮರುವರ್ಷ ಇನ್ನೂ ಹೆಚ್ಚು ಬೆಲೆಗೆ ವಾಪಸ್ ಬಂದ. ಊರ ಪಂದ್ಯದಲ್ಲಿ ಮೊಣಕಾಲು ಮುರಿದುಕೊಂಡ ಹುಡುಗನಿಗೆ ಆ ಅದೃಷ್ಟ ಎಲ್ಲಿದೆ?

ಹಾಗಾಗಿ ಮಗನನ್ನು ಕಬಡ್ಡಿಗೆ ಬಿಡುವ ಅಪ್ಪ ಅಮ್ಮಂದಿರಿಗೆ ನಾವು ಹೇಳುವುದಿಷ್ಟೇ. ಲೀಗ್ ಕೆಲವರಿಗೆ, ಕೆಲವು ವರ್ಷಕ್ಕೆ. ಕ್ರೀಡಾ ಕೋಟಾದ ರೈಲ್ವೆ, ಪೊಲೀಸ್ ಕೆಲಸವೇ ಇಂದಿಗೂ ಹೆಚ್ಚು ಮನೆಗಳ ಅನ್ನ. ಓದು ಬಿಡಿಸಬೇಡಿ.

ಅದೇ ಮನುಷ್ಯ, ಬೇರೆ ಗೌರವ

ನಮ್ಮ ಕಡೆಯ ಅಭಿಮಾನಿಗಳದ್ದು ಒಂದು ಹಳೆಯ ದೂರು. ಬೆಂಗಳೂರಿನ ತಂಡ ಅಂತೀರಿ, ಕನ್ನಡಿಗರು ಎಲ್ಲಿ? ಕರಾವಳಿಯ ಸುಕೇಶ್ ಹೆಗ್ಡೆ ತೆಲುಗು ಟೈಟನ್ಸ್‌ಗೆ ಆಡಿ, 2017ರಲ್ಲಿ ಗುಜರಾತ್ ತಂಡದ ನಾಯಕನಾಗಿ ಫೈನಲ್‌ವರೆಗೆ ಹೋದರು. ಪ್ರಶಾಂತ್ ಕುಮಾರ್ ರೈ ಹೆಸರು ಮಾಡಿದ್ದೂ ಹೊರ ರಾಜ್ಯದ ತಂಡಗಳಲ್ಲಿ. ಬುಲ್ಸ್ ಕೂಡ 2017ರಲ್ಲಿ ತವರಿನ ಪಂದ್ಯಗಳನ್ನು ನಾಗಪುರದಲ್ಲಿ, ಮರುವರ್ಷ ಪುಣೆಯಲ್ಲಿ ಆಡಿತು. ಹೆಸರಿಗೆ ಬೆಂಗಳೂರು, ಆಟ ಮಹಾರಾಷ್ಟ್ರದಲ್ಲಿ!

ಆದರೆ ಲೀಗಿನಿಂದ ಕನ್ನಡಿಗರಿಗೆ ಏನೂ ಆಗಲಿಲ್ಲ ಅಂದರೆ ತಪ್ಪು. ಆಗಲೇ ಹೇಳಿದ ಬಿ.ಸಿ. ರಮೇಶ್ ಅವರನ್ನೇ ನೋಡಿ. ಬುಲ್ಸ್ ಕಪ್ ಗೆದ್ದಾಗ ತರಬೇತಿ ಕೊಟ್ಟವರಲ್ಲಿ ಅವರಿದ್ದರು. ಅದೇ 2019ರ ಅಕ್ಟೋಬರಿನಲ್ಲಿ ಅವರ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಿತು. 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ ಗೆದ್ದಿತು. 2025ರ ಸೀಸನ್ನಿಗೆ ಅವರು ಮುಖ್ಯ ಕೋಚ್ ಆಗಿ ಬುಲ್ಸ್‌ಗೆ ಬಂದರು.

ಅರ್ಜುನ ಪ್ರಶಸ್ತಿ ಪಡೆದ ರಮೇಶ್ ಅವರೂ, ಟೈಮ್ ಔಟ್‌ನಲ್ಲಿ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಪಾಠ ಹೇಳುವ ರಮೇಶ್ ಅವರೂ ಒಬ್ಬರೇ. ಮೊದಲನೆಯವರನ್ನು ನಮ್ಮ ಬೀದಿ ಗುರುತಿಸಲಿಲ್ಲ. ಎರಡನೆಯವರು ಎದುರು ಬಂದರೆ ಹುಡುಗರು, "ಸರ್, ಒಂದು ಸೆಲ್ಫಿ" ಅನ್ನುತ್ತಾರೆ. ಅವರ ಯೋಗ್ಯತೆ ಅಂದೂ ಇತ್ತು, ಇಂದೂ ಇದೆ. ನಡುವೆ ಬಂದದ್ದು ಕ್ಯಾಮೆರಾ.

ಕ್ಯಾಮೆರಾ ತಿರುಗದ ಕಡೆ

ಈಗ ಹೆಣ್ಣುಮಕ್ಕಳ ಕಡೆ ಬನ್ನಿ. ಲೀಗ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಕಬಡ್ಡಿ ಸೇರಿದ್ದು 2010ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಚಿನ್ನ ಭಾರತಕ್ಕೆ ಬಂತು. ಆ ತಂಡದಲ್ಲಿ ಬೆಂಗಳೂರಿನ ವಿ. ತೇಜಸ್ವಿನಿ ಬಾಯಿ ಇದ್ದರು, ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಇದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡಕ್ಕೆ ಮಮತಾ ಅವರೇ ನಾಯಕಿ. 2014ರಲ್ಲಿ ಇಂಚಿಯಾನ್‌ನಲ್ಲಿ ಇಬ್ಬರಿಗೂ ಮತ್ತೆ ಚಿನ್ನ. ತೇಜಸ್ವಿನಿ ಅವರಿಗೆ 2011ರಲ್ಲಿ, ಮಮತಾ ಅವರಿಗೆ 2014ರಲ್ಲಿ ಅರ್ಜುನ. 2018ರಲ್ಲಿ ಜಕಾರ್ತದಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿ ಬೆಂಗಳೂರಿನ ಉಷಾ ರಾಣಿ ಇದ್ದರು, ನಮ್ಮ ಪೊಲೀಸ್ ಇಲಾಖೆಯವರು. 2025ರ ನವೆಂಬರಿನಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಕರಾವಳಿಯ ಧನಲಕ್ಷ್ಮಿ ಪೂಜಾರಿ ಇದ್ದರು.

ಪದಕಗಳ ತೂಕದಲ್ಲಿ ಇವರು ಯಾವ ಗಂಡು ಆಟಗಾರನಿಗೂ ಕಡಿಮೆಯಿಲ್ಲ. 2018ರಲ್ಲಿ ಪುರುಷರ ತಂಡ ಸೆಮಿಫೈನಲ್‌ನಲ್ಲೇ ಇರಾನ್‌ಗೆ ಸೋತು ಬಂತು. ಮಹಿಳೆಯರು ಫೈನಲ್ ಆಡಿ ಮೂರು ಅಂಕಗಳಿಂದ ಸೋತರು. ಹೀಗಿದ್ದೂ ನಮ್ಮ ಬೀದಿಯ ಮಕ್ಕಳಿಗೆ ಪವನ್ ಗೊತ್ತು, ಉಷಾ ರಾಣಿ ಗೊತ್ತಿಲ್ಲ.

ಒಮ್ಮೆ ಕ್ಯಾಮೆರಾ ಇತ್ತ ತಿರುಗಿತ್ತು. 2016ರ ನಾಲ್ಕನೇ ಸೀಸನ್ ಜೊತೆಗೆ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್. ಒಂದು ಕಡೆ ಮಮತಾ ನಾಯಕತ್ವದ ಫೈರ್ ಬರ್ಡ್ಸ್, ಇನ್ನೊಂದು ಕಡೆ ತೇಜಸ್ವಿನಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್. ಎರಡೂ ತಂಡಕ್ಕೆ ಕರ್ನಾಟಕದ ನಾಯಕಿಯರು! 24–23, ಒಂದೇ ಅಂಕದಿಂದ ಸ್ಟಾರ್ಮ್ ಕ್ವೀನ್ಸ್ ಗೆದ್ದಿತು. ಇದಕ್ಕಿಂತ ರೋಚಕ ಫೈನಲ್ ಬೇಕೇ? ಆದರೂ ಅದು ಪುರುಷರ ಲೀಗಿನ ಹಾಗೆ ವರ್ಷ ವರ್ಷ ಬರುವ ಹಬ್ಬವಾಗಲಿಲ್ಲ. 2023ರಲ್ಲಿ ದುಬೈಯಲ್ಲಿ ಬೇರೆ ಸಂಘಟಕರು ಮಹಿಳಾ ಲೀಗ್ ನಡೆಸಿದರು, ಅದೂ ನಮ್ಮ ಊರುಗಳ ಮಾತಾಗಲಿಲ್ಲ.

ನಾವು ಕಂಡ ಹಾಗೆ, ಹುಡುಗ ಕಬಡ್ಡಿಗೆ ಹೊರಟರೆ ಮನೆಯವರು ಈಗ ಶೂ ಕೊಡಿಸುತ್ತಾರೆ. ಹುಡುಗಿ ಹೊರಟರೆ ಇನ್ನೂ ಹಳೆಯ ಮಾತೇ: "ನಿಂಗ್ಯಾಕಮ್ಮ ಅದೆಲ್ಲ? ಕೈ ಕಾಲು ಮುರ್ಕೊಂಡ್ರೆ ಯಾರು ನೋಡ್ತಾರೆ?" 2014ಕ್ಕೆ ಮುಂಚೆ ಗಂಡುಮಕ್ಕಳು ಕೇಳಿದ ಮಾತನ್ನು ಇವರು ಇಂದಿಗೂ ಕೇಳುತ್ತಿದ್ದಾರೆ.

ನಮ್ಮ ಕೈಯಲ್ಲಿರುವುದು

ಲೀಗ್ ನಡೆಸುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಆದರೆ ಅದು ಮಾಡಿದ ಕೆಲಸಗಳಲ್ಲಿ ಮೊದಲನೆಯದಕ್ಕೆ ಕಾಸು ಖರ್ಚಿಲ್ಲ. ಅದು ಆಡುವವರ ಹೆಸರು ಹೇಳುವುದು.

ಈ ಸಲ ನಿಮ್ಮೂರ ಪಂದ್ಯಾವಳಿಯಲ್ಲಿ ಮೈಕ್ ಹಿಡಿಯುವವರಿಗೆ ಎರಡೂ ತಂಡಗಳ ಪಟ್ಟಿ ಬರೆದು ಕೊಡಿ. ಹೆಸರು, ಊರು, ಏನು ಕೆಲಸ ಮಾಡುತ್ತಾರೆ ಎಂಬುದು ಒಂದೇ ಹಾಳೆಯಲ್ಲಿ ಸಾಕು. ಯೂಟ್ಯೂಬಿಗೆ ಹಾಕುವ ಹುಡುಗರಿಗೂ ಅದನ್ನೇ ಕೊಡಿ, ಕೆಳಗೆ ಬರೆಯಲಿ. ಪ್ರಥಮ ಚಿಕಿತ್ಸೆಗೆ ಒಬ್ಬರು, ಆಸ್ಪತ್ರೆಗೆ ಒಯ್ಯಲು ಒಂದು ಗಾಡಿ ಸಿದ್ಧವಿರಲಿ. ಹೆಣ್ಣುಮಕ್ಕಳ ಪಂದ್ಯ ಇಡುವುದಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾಟಾಚಾರಕ್ಕೆ ಇಡಬೇಡಿ. ಎಲ್ಲರೂ ಕೂತಿರುವ ಹೊತ್ತಿಗೆ, ಲೈಟಿನ ಕೆಳಗೆ ಆಡಿಸಿ.

ಕಳೆದ ವರ್ಷ ಕಾಮಾಕ್ಷಿಪಾಳ್ಯದ ಕಡೆ ಒಂದು ರಾತ್ರಿ ಪಂದ್ಯಕ್ಕೆ ಹೋಗಿದ್ದೆವು. ಮೈಕಿನವರು ಎಂದಿನಂತೆ "ಹಳದಿ ಜೆರ್ಸಿ ಹುಡುಗ" ಅಂದರು. ಬೇಲಿ ಪಕ್ಕ ಕೂತಿದ್ದ ಒಬ್ಬ ತಾಯಿ ಎದ್ದು ನಿಂತು, ಅಷ್ಟು ಜನರ ನಡುವೆ, ಮಗನ ಹೆಸರು ಗಟ್ಟಿಯಾಗಿ ಕೂಗಿ ಹೇಳಿದರು. ಮೈಕಿನವರು ಒಂದು ಕ್ಷಣ ತಡೆದು, "ಆಯ್ತಮ್ಮ" ಅಂದರು. ಆಮೇಲೆ ಪಂದ್ಯ ಮುಗಿಯುವವರೆಗೂ ಆ ಹುಡುಗನನ್ನು ಹೆಸರು ಹಿಡಿದೇ ಕರೆದರು.